ಲೆಕ್ಕದಲ್ಲಿಲ್ಲದ ಗಾಜು

ನಮ್ಮ ಗಾಡಿಗೆ ಒಂದು ಲೆಕ್ಕದ ಪುಸ್ತಕವಿದೆ. ಡೀಸೆಲ್ಲಿಗೆ ಬೇರೆ ಪುಟ, ಟೈರಿಗೆ ಬೇರೆ, ಇನ್ಶೂರೆನ್ಸು-ಎಫ್‌ಸಿಗೆ ಬೇರೆ, ಆಯಿಲ್ ಸರ್ವಿಸ್ಸಿಗೆ ಬೇರೆ. ಡ್ರೈವರ್ ಸಂಬಳ ಮತ್ತು ಅಡ್ವಾನ್ಸಿನ ಪುಟ ಕೊನೆಯಲ್ಲಿ. ಇವು ಯಾವುದಕ್ಕೂ ಸೇರದ್ದು ‘ಇತರೆ’ಗೆ ಹೋಗುತ್ತದೆ: ಆಯುಧಪೂಜೆಯ ಬೂದುಗುಂಬಳ, ಹಗ್ಗ, ಟಾರ್ಪಾಲು, ಮಂಟಪದ ವಾಚ್‌ಮನ್‌ಗೆ ಕೊಟ್ಟ ಕಾಫಿ ಕಾಸು. 2025ರ ಸೆಪ್ಟೆಂಬರಿನಲ್ಲಿ ಡ್ರೈವರ್ ಕಡೆಯ ಬಾಗಿಲಿನ ಗಾಜು ಒಡೆದಾಗ ಅದರ ಖರ್ಚನ್ನು ಎಲ್ಲಿ ಬರೆಯುವುದೆಂದು ಹಾಳೆ ತಿರುವಿದೆ. ಗಾಜಿನ ಬಾಬ್ತು ಒಂದು ಸಾಲೂ ಇರಲಿಲ್ಲ. ಇಷ್ಟು ವರ್ಷ ಒಂದು ಗಾಜೂ ಹೋಗದಂತೆ ಗಾಡಿ ಇಟ್ಟುಕೊಂಡಿದ್ದೇವಲ್ಲ ಎಂದು ಒಳಗೊಳಗೇ ಹೆಮ್ಮೆ ಪಟ್ಟೆ.

ನಮ್ಮದು ಅಡುಗೆ ಕಾಂಟ್ರಾಕ್ಟ್. ಅಪ್ಪ ಶುರುಮಾಡಿದ್ದು, ನಾನು ನಡೆಸಿಕೊಂಡು ಬಂದದ್ದು. ಬನಶಂಕರಿ ಎರಡನೇ ಹಂತದಲ್ಲಿ ಮನೆ, ಮನೆಯ ಹಿಂದೆ ಪಾತ್ರೆ ಇಡುವ ಶೆಡ್ಡು. ಜಯನಗರ, ಜೆ.ಪಿ. ನಗರದ ಮದುವೆ ಮನೆಗಳು, ಪದ್ಮನಾಭನಗರದ ಗೃಹಪ್ರವೇಶಗಳು, ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟುಗಳ ಸತ್ಯನಾರಾಯಣ ಪೂಜೆಗಳು. ನಮ್ಮ ಸಾರು-ಹುಳಿ ಓಡಾಡುವ ಸೀಮೆ ಇಷ್ಟೇ. ಕೊಪ್ಪರಿಗೆ, ದಬರಿ, ಒಲೆ, ಸಿಲಿಂಡರು, ಬಾಳೆಎಲೆ ಕಟ್ಟು, ಇವನ್ನೆಲ್ಲ ಹೊರುವುದು ಒಂದು ಟಾಟಾ ಏಸ್. 2005ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಾಗ ನಮ್ಮಂಥ ಸಣ್ಣ ಕಸುಬಿನವರಿಗೆ ಕೈಕಾಲು ಬಂದ ಹಾಗಾಯಿತು. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಇಂಜಿನ್, ಮುಕ್ಕಾಲು ಟನ್ ಭಾರ, ಬಸವನಗುಡಿಯ ಗಲ್ಲಿಯಲ್ಲೂ ಹೊರಳುವಷ್ಟು ಮೈ. ಜನ ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. ಆನೆಯ ಹೊಟ್ಟೆಗೆ ಎಷ್ಟು ಹಿಡಿಯುತ್ತದೆ ಎಂದು ಎಲ್ಲರೂ ಕೇಳಿದರು, ಮಾವುತ ಎಲ್ಲಿ ಕೂರುತ್ತಾನೆ ಎಂದು ಯಾರೂ ಕೇಳಲಿಲ್ಲ. ಅವನು ಕೂರುವುದು ಇಂಜಿನ್ನಿನ ಮೇಲೆಯೇ. ಸೀಟು ಎತ್ತಿದರೆ ಇಂಜಿನ್. ಬೇಸಿಗೆಯ ಮಧ್ಯಾಹ್ನ ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಕೆಳಗಿನಿಂದ ಒಂದು ಕಾವು, ಮೇಲಿನ ತಗಡಿನಿಂದ ಇನ್ನೊಂದು.

ಗಾಜು ಒಡೆದದ್ದು ರಾತ್ರಿ, ಮನೆಯ ಮುಂದೆ ನಿಲ್ಲಿಸಿದ್ದಾಗ. ಬೆಳಗಿನ ಜಾವ ಡ್ರೈವರ್ ಬೆಲ್ ಒತ್ತಿ, “ಸಾರ್, ನನ್ ಕಡೆ ಡೋರ್ ಗ್ಲಾಸ್ ಹೋಗೈತೆ” ಎಂದ. ಟಾರ್ಚ್ ಹಿಡಿದು ಹೋದೆ. ಸೀಟಿನ ತುಂಬ ಕಲ್ಲುಸಕ್ಕರೆಯಂಥ ಚೂರು. ಒಳಗಿದ್ದದ್ದು ಏನೂ ಕಳವಾಗಿರಲಿಲ್ಲ, ಕಳವಾಗುವಂಥದ್ದು ಇರಲೂ ಇಲ್ಲ. ನನ್ನ ಅನುಮಾನ ಮೊದಲು ಹೋದದ್ದು ಎದುರುಮನೆಯವರ ಮೇಲೆ, ಆಮೇಲೆ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರ ಮೇಲೆ. ಮೂರನೆಯದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಿಂದಿನ ದಿನ ಎಲ್ಲೆಲ್ಲಿ ಹೋಗಿದ್ದೆ, ಎಲ್ಲಿ ನಿಲ್ಲಿಸಿದ್ದೆ, ವಾಪಸು ಬಂದಾಗ ಗಾಜು ಏರಿಸಿದ್ದು ನೆನಪಿದೆಯೇ ಎಂದು ಒಂದೊಂದಾಗಿ ಕೇಳಿದೆನಲ್ಲ, ಆ ಕೇಳುವ ವರಸೆಯಲ್ಲೇ ಅದು ಅವನಿಗೆ ತಿಳಿದಿರಬೇಕು. ಒಡೆದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.

ಗಾಡಿ ಹೊರಗೆ ಏಕೆ ನಿಂತಿತ್ತು ಎಂಬುದಕ್ಕೆ ಮಾತ್ರ ಯಾರನ್ನೂ ಹುಡುಕಬೇಕಾಗಿಲ್ಲ. ನಮ್ಮ ಗೇಟಿನೊಳಗೆ ಒಂದೇ ವಾಹನಕ್ಕೆ ಜಾಗ, ಅದು ಕಾರಿಗೆ. ವಾರಕ್ಕೊಮ್ಮೆ ಗಾಂಧಿಬಜಾರಿಗೋ ನೆಂಟರ ಮನೆಗೋ ಹೊರಡುವ ಕಾರು ಸೂರಿನಡಿ ನೆಮ್ಮದಿಯಾಗಿ ಮಲಗುತ್ತದೆ, ಮನೆಗೆ ಅನ್ನ ತರುವ ಗಾಡಿ ಹೊಂಗೆ ಮರದ ಕೆಳಗೆ ಬೀದಿಯಲ್ಲಿ. ದಕ್ಷಿಣ ಬೆಂಗಳೂರಿನ ಕ್ರಾಸುಗಳಲ್ಲಿ ಕಾರು ನಿಂತರೆ ಅದು ಅಂತಸ್ತು, ಸರಕು ಗಾಡಿ ನಿಂತರೆ ಅಡಚಣೆ. ಗಾಡಿ ನಿಲ್ಲದಿರಲೆಂದು ರಸ್ತೆಗೆ ಹೂಕುಂಡ ಇಡುವವರುಂಟು, ಕಲ್ಲು ಉರುಳಿಸಿಡುವವರುಂಟು, ತಾವೇ ‘ನೋ ಪಾರ್ಕಿಂಗ್’ ಬೋರ್ಡು ಬರೆಸಿ ನೇತುಹಾಕುವವರುಂಟು. ಇವರನ್ನೆಲ್ಲ ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ನಾವು ಏಸ್ ಕೊಳ್ಳುವ ಮುಂಚೆ, ಬಾಡಿಗೆ ಮೆಟಡೋರಿನಲ್ಲಿ ಪಾತ್ರೆ ಸಾಗಿಸುತ್ತಿದ್ದ ಕಾಲದಲ್ಲಿ, ವಸತಿ ರಸ್ತೆಗಳಲ್ಲಿ ಲಗೇಜು ಗಾಡಿ ನಿಲ್ಲಿಸದಂತೆ ಕ್ರಮ ಕೈಗೊಳ್ಳಿ ಎಂಬ ಬಡಾವಣೆಯ ಮನವಿಯೊಂದಕ್ಕೆ ನಾನೂ ಸಹಿ ಹಾಕಿದ್ದೆ. ಆ ಮನವಿ ಎಲ್ಲಿಗೂ ತಲುಪಲಿಲ್ಲ ಎಂಬುದು ನನ್ನ ಪುಣ್ಯ.

ಗಾಜು ಹೋದ ದಿನವೇ ಡ್ರೈವರ್ ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಬಾಗಿಲಿನ ಚೌಕಟ್ಟಿಗೆ ಬ್ರೌನ್ ಟೇಪಿನಿಂದ ಅಂಟಿಸಿದ. ಮೊದಲ ಮಳೆಗೇ ಟೇಪು ಬಿಟ್ಟಿತು, ಮೇಲೆ ಇನ್ನೊಂದು ಸುತ್ತು ಸುತ್ತಿದ. ಗಾಡಿ ಓಡಿದರೆ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದಕ್ಕಿಂತ ಕಷ್ಟವೆಂದರೆ, ಬಲಗಡೆಯ ಕನ್ನಡಿಯನ್ನು ಅವನು ಆ ಹಾಳೆಯ ಮೂಲಕವೇ ನೋಡಬೇಕು. ಎಲ್ಲ ಮಸಕು. ರಿಂಗ್ ರೋಡಿನಲ್ಲಿ ಬಲಗಡೆಯಿಂದ ನುಗ್ಗುವ ಬೈಕು ಕಾಣದೆ ಒಮ್ಮೆ ಎದೆ ಝಲ್ಲೆಂದ ಮೇಲೆ, ಹಾಳೆಯಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿಕೊಂಡ. ಕನ್ನಡಿ ಕಂಡಿತು. ಮಳೆ ಬಂದಾಗ ಆ ಕಿಂಡಿಯಿಂದ ನೀರು ನೇರ ಅವನ ಬಲತೊಡೆಗೆ. ಒಂದು ಟವೆಲ್ಲು ಮಡಿಸಿ ತೊಡೆಯ ಮೇಲೆ ಹಾಕಿಕೊಂಡು ಓಡಿಸುತ್ತಿದ್ದ. ನಾನದನ್ನು ನೋಡಿದ್ದೇನೆ. ಇವತ್ತು ಬರೆಯುತ್ತ ನೆನಪಿಸಿಕೊಂಡದ್ದಲ್ಲ, ಆಗಲೇ ನಿಂತು ನೋಡಿದ್ದೆ.

“ಗ್ಲಾಸ್ ಹಾಕಿಸಬೇಕಪ್ಪ” ಎಂದು ನಾನು ಹೇಳುತ್ತಲೇ ಇದ್ದೆ. “ಆಯ್ತು ಸಾರ್, ನೋಡ್ಕಂಡು ಹಾಕ್ಸಣ” ಎಂದು ಅವನೂ ಹೇಳುತ್ತಿದ್ದ. ಸೀಸನ್ ಕೆಲಸ ಎಂದು ಹೇಳುವಂತಿರಲಿಲ್ಲ, ಅದು ಪಿತೃಪಕ್ಷ. ಮಂಟಪಗಳು ಖಾಲಿ, ಅಲ್ಲೊಂದು ಇಲ್ಲೊಂದು ಪಕ್ಷದ ಊಟ. ಬಿಡುವೆಂದರೆ ಬೇಕಾದಷ್ಟು. ಹಾಗಾಗಿ ನೆಪವನ್ನು ತಿರುಗಿಸಿ ಇಟ್ಟುಕೊಂಡೆ: ಕಾರ್ತಿಕದ ಮದುವೆಗಳು ಶುರುವಾಗಲಿ, ಕೈಯಲ್ಲಿ ನಾಲ್ಕು ಕಾಸು ಆಡಲಿ. ಅದೇ ವಾರ ಕಾರಿನ ವೈಪರ್ ರಬ್ಬರು ಕಿರ್ರೆನ್ನುತ್ತದೆಂದು ಬದಲಾಯಿಸಿದೆ. ಗಾಜಿನ ಬೆಲೆ ವಿಚಾರಿಸಿದಾಗ ಅದು ಏಸಿನ ಒಂದು ದಿನದ ಬಾಡಿಗೆಗಿಂತ ಕಡಿಮೆಯಿತ್ತು. ಹಾಗಾದರೆ ತಡೆದದ್ದು ದುಡ್ಡೂ ಅಲ್ಲ, ಸಮಯವೂ ಅಲ್ಲ. ನಾನು ಜಿಪುಣನಲ್ಲ ಎಂದು ಹೇಳಿಕೊಳ್ಳಲು ನನ್ನ ಬಳಿ ಸಾಕಷ್ಟು ಸಾಕ್ಷಿಯೂ ಇದೆ. ಹಬ್ಬಕ್ಕೆ ಬಟ್ಟೆ ಕೊಡುತ್ತೇನೆ, ಅವನ ಮಗಳ ಪುಸ್ತಕಕ್ಕೆ ಕೊಟ್ಟಿದ್ದೇನೆ, ಊಟವಂತೂ ನಮ್ಮಲ್ಲೇ. ಕೊಡುವುದರಲ್ಲಿ ನನಗೆ ಸುಖವಿದೆ. ಕೊಡಲೇಬೇಕಾದದ್ದನ್ನು ಕೊಡುವುದರಲ್ಲಿ ಆ ಸುಖ ಇಲ್ಲ.

ಗಾಡಿಯ ಒಂದೊಂದು ಭಾಗ ಯಾರಿಗಾಗಿ ಇದೆ ಎಂದು ಆಮೇಲೆ ಯೋಚಿಸಿದೆ. ಟೈರು ಸವೆದರೆ ನನ್ನ ಲೋಡು ದಾರಿಯಲ್ಲಿ ನಿಲ್ಲುತ್ತದೆ. ಮುಂದಿನ ಗಾಜು ಸೀಳಿದರೆ ಎಫ್‌ಸಿಗೆ ತೊಂದರೆ, ಆ ತೊಂದರೆ ನನ್ನದು. ಹಿಂದಿನ ತೊಟ್ಟಿಯ ಕೊಂಡಿ ಕಳಚಿದರೆ ಕೊಪ್ಪರಿಗೆ ರಸ್ತೆಗೆ ಉರುಳುತ್ತದೆ, ಕೊಪ್ಪರಿಗೆ ನನ್ನದು. ಬಾಗಿಲಿನ ಗಾಜೊಂದು ಇಲ್ಲದಿದ್ದರೆ ಪಾಯಸ ಕೆಡುವುದಿಲ್ಲ, ಎಲೆ ಬಾಡುವುದಿಲ್ಲ, ಮುಹೂರ್ತ ತಪ್ಪುವುದಿಲ್ಲ. ಮಳೆ, ಧೂಳು, ಬೆಳಗಿನ ಜಾವದ ಚಳಿಗಾಳಿ, ಎಲ್ಲ ಒಬ್ಬ ಮನುಷ್ಯನ ಮೈಮೇಲೆ ಹೋಗಿ ಅಲ್ಲಿಗೇ ನಿಲ್ಲುತ್ತವೆ. ರಾತ್ರಿ ಮಂಟಪದಲ್ಲಿ ಪಾತ್ರೆ ಇಳಿಸಿದ ಮೇಲೆ ಅವನು ಮಲಗುವುದು ಆ ಕ್ಯಾಬಿನ್ನಿನಲ್ಲೇ, ಮೊಣಕಾಲು ಎದೆಗೆ ಎಳೆದುಕೊಂಡು. ಗಾಜಿಲ್ಲದಿದ್ದರೆ ಸೊಳ್ಳೆಗೆ ಬಾಗಿಲೇ ಇಲ್ಲದಂತೆ. ಇಡೀ ಗಾಡಿಯಲ್ಲಿ ಪೂರ್ತಿ ಅವನಿಗಾಗಿಯೇ ಇರುವ ಸಾಮಾನು ಅದೊಂದೇ, ಮತ್ತು ನಾನು ಮುಂದೂಡಿದ್ದು ಅದೊಂದನ್ನೇ.

ಇದು ನನಗೆ ತಾನಾಗಿ ಹೊಳೆದದ್ದಲ್ಲ, ಸರ್ಕಾರದ ಅಧಿಸೂಚನೆಯೊಂದು ಹೊಳೆಸಿತು. ಲಾರಿ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಮಾಡಿ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2023ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2, ಎನ್3 ವರ್ಗದ ಸರಕು ವಾಹನಗಳಿಗೆಲ್ಲ ಅದು ಅನ್ವಯ. ಆ ದಿನ ಆಯುಧಪೂಜೆಯೂ ಹೌದು. ಬೆಳಿಗ್ಗೆ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಡಹೋದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ನಿಲ್ಲಲಿಲ್ಲ, ಕೆಳಗಿನ ತಗಡಿಗೆ ಇಟ್ಟೆವು. ಪೂಜೆ ಮುಗಿಸಿ ಕಾಫಿ ಕುಡಿಯುತ್ತ ಈ ಏಸಿ ವಿಚಾರ ಓದಿದೆ. ಮೊದಲು ಹುಡುಕಿದ್ದು ಒಂದನ್ನೇ: ನಮ್ಮ ಗಾಡಿಗೂ ಬರುತ್ತದೆಯೇ? ಎನ್2 ಎಂದರೆ ಒಟ್ಟು ತೂಕ ಮೂರೂವರೆ ಟನ್ ದಾಟಿದ್ದು, ಎನ್3 ಹನ್ನೆರಡು ಟನ್ ದಾಟಿದ್ದು. ನಮ್ಮ ಏಸು ಎನ್1. ಅದೂ ಅಲ್ಲದೆ ನಿಯಮ ಹೊಸ ಗಾಡಿಗಳಿಗೆ ಮಾತ್ರ. ‘ಸದ್ಯ’ ಎಂದುಕೊಂಡೆ.

ಆ ಸಮಾಧಾನವೇ ಆಮೇಲೆ ನನ್ನನ್ನು ಕಾಡಿದ್ದು. ಇನ್ನೊಬ್ಬರ ಲಾರಿಯ ಡ್ರೈವರಿಗೆ ಏಸಿ ಬರುತ್ತದೆಂದರೆ ‘ಒಳ್ಳೆಯ ಕೆಲಸ, ಎಂದೋ ಆಗಬೇಕಿತ್ತು’ ಎಂದು ಮನೆಯವಳ ಹತ್ತಿರ ಹೇಳಿದವನೂ ನಾನೇ. ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದ ಗಾಡಿಗೆ ಏಸಿ ಹಾಗಿರಲಿ, ಗಾಜೇ ಇರಲಿಲ್ಲ. ಸಣ್ಣ ಗಾಡಿಯ ಡ್ರೈವರಿಗೆ ಕಾನೂನು ಕೊಟ್ಟಿರುವ ಹವಾನಿಯಂತ್ರಣ ಎಂದರೆ ಏರಿಸಿ ಇಳಿಸುವ ಆ ಗಾಜು. ತಂಪು ಬೇಕಾದರೆ ಇಳಿಸು, ಬೆಚ್ಚಗೆ ಬೇಕಾದರೆ ಏರಿಸು. ಅದನ್ನೂ ನಾನು ಅವನ ಕೈಯಿಂದ ತೆಗೆದುಕೊಂಡಿದ್ದೆ.

ಈ ಊರಿನಲ್ಲಿ ಗಾಡಿಯ ಗಾಜಿಗೆ ಇನ್ನೊಂದು ಚರಿತ್ರೆಯೂ ಇದೆ. ಯಾರ ಮೇಲಿನ ಸಿಟ್ಟೇ ಆಗಲಿ, ಮೊದಲ ಕಲ್ಲು ಬೀಳುವುದು ಅದಕ್ಕೆ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂದ ಮಧ್ಯಾಹ್ನದಿಂದ ಮರುದಿನ ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಸಂಸ್ಕಾರ ಮುಗಿಯುವವರೆಗೆ ಎಷ್ಟು ವಾಹನಗಳ ಗಾಜು ಹೋಯಿತೋ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ತಮಿಳುನಾಡು ನಂಬರಿನ ಲಾರಿಗಳು ರಸ್ತೆಯಲ್ಲೇ ಉರಿದವು, ಮೈಸೂರು ರಸ್ತೆ ಕಡೆಯ ಡಿಪೋ ಒಂದರಲ್ಲಿ ಮೂವತ್ತಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ಸುಟ್ಟು ಅಸ್ಥಿಪಂಜರವಾದವು. ಅಂಥ ದಿನಗಳಲ್ಲಿ ನಮ್ಮ ಬೀದಿಯವರೆಲ್ಲ ಮಾಡುವುದು ಒಂದೇ: ಕಾರನ್ನು ಒಳಗೆ ಎಳೆದು ಗೇಟು ಹಾಕುವುದು. ಸರಕು ಗಾಡಿ ಮುಂದಿನ ಗಾಜಿಗೆ ಅಣ್ಣಾವ್ರ ಫೋಟೋ ಅಂಟಿಸಿಕೊಂಡೋ ಹಳದಿ-ಕೆಂಪು ಬಾವುಟ ಸಿಕ್ಕಿಸಿಕೊಂಡೋ ಬೀದಿಯಲ್ಲಿ ಉಳಿಯುತ್ತದೆ. ಕಲ್ಲು ಬೀಳುವ ಹೊತ್ತಿಗೆ ಗಾಜಿನ ಹಿಂದೆ ಒಂದು ಮುಖ ಇರುತ್ತದೆ. ನಾನು ಆ ಎರಡೂ ಸಲ ಮನೆಯೊಳಗಿದ್ದೆ, ಟಿವಿ ಮುಂದೆ.

ಗಾಜು ಹಾಕಿಸಲೇಬೇಕೆಂದು ನಿರ್ಧಾರವಾದ ಮೇಲೂ ಬುದ್ಧಿ ಅಡ್ಡದಾರಿ ಹುಡುಕಿತು. ಫೋಟೋ ಕಟ್ಟು ಹಾಕುವ ಅಂಗಡಿಯಲ್ಲಿ ಅಳತೆ ಕೊಟ್ಟರೆ ಸಾದಾ ಗಾಜು ಕತ್ತರಿಸಿ ಕೊಡುತ್ತಾರೆ, ಇನ್ನೂ ಅಗ್ಗ, ಅರ್ಧ ಗಂಟೆಯ ಕೆಲಸ ಎಂದು ಯಾರೋ ಹೇಳಿದರು. ಹೋಗಿ ಕೇಳಿಯೂ ಬಂದೆ. ನಮ್ಮ ಮೆಕ್ಯಾನಿಕ್ ಕೇಳಿ ನಕ್ಕ. “ಅಣ್ಣ, ಅದು ಒಡೆದ್ರೆ ಚೂರಿ ಆಗುತ್ತೆ. ಕುತ್ತಿಗೆ ಪಕ್ಕದಲ್ಲೇ ಇರೋದು” ಎಂದ.

ಅವನ ಮಾತಿನ ಹಿಂದೆ ವಿಜ್ಞಾನವಿದೆ. ಬಾಗಿಲಿಗೆ ಹಾಕುವುದು ಟಫನ್ಡ್ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿ, ಎರಡೂ ಬದಿಯಿಂದ ರಭಸದ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ತಣಿದು ಕುಗ್ಗುತ್ತ ಮೇಲ್ಮೈಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಈ ಬಿಗಿತವೇ ಅದರ ಬಲ. ಅಂಗೈಯಿಂದ ಗುದ್ದಿದರೆ ಅಲುಗದ ಗಾಜು, ಮೊನಚಾದದ್ದೇನಾದರೂ ಮೇಲ್ಪದರ ದಾಟಿ ಒಳಗೆ ತಾಗಿತೋ, ಒಂದೇ ಕ್ಷಣದಲ್ಲಿ ಪೂರ್ತಿ ಪುಡಿ. ಪುಡಿಯಾದರೂ ಮೊಂಡು ಮೂಲೆಯ ಹರಳುಗಳಾಗಿ ಉದುರುತ್ತದೆ, ಸಾದಾ ಗಾಜಿನ ಹಾಗೆ ಉದ್ದುದ್ದ ಸೀಳಾಗುವುದಿಲ್ಲ. ಹೀಗೆ ಹದ ಮಾಡಿದ ಮೇಲೆ ಅದನ್ನು ಯಾರೂ ಕತ್ತರಿಸಲಾರರು, ಆದ್ದರಿಂದ ಆಯಾ ಮಾಡೆಲ್ಲಿನ ಗಾಜೇ ಬೇಕು. ಮುಂದಿನ ಗಾಜಿನ ಕಥೆ ಬೇರೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು ಅದು, ಒಡೆದರೂ ಜೇಡರ ಬಲೆ ಬಿಡಿಸಿಕೊಂಡು ನಿಂತಲ್ಲೇ ನಿಲ್ಲುತ್ತದೆ. ವಾಹನಕ್ಕೆ ಸುರಕ್ಷತಾ ಗಾಜೇ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವೂ ಹೇಳುತ್ತದೆ. ಮುಂದೆ-ಹಿಂದೆ ಬೆಳಕು ಶೇಕಡಾ 70, ಪಕ್ಕದ ಗಾಜುಗಳಲ್ಲಿ ಶೇಕಡಾ 50 ಹಾಯಬೇಕು ಎಂಬುದೂ ಅಲ್ಲೇ ಇದೆ. 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮನ್ನು ಕೀಳಿಸಿದ್ದು ಇದೇ ನಿಯಮ ಹಿಡಿದು. ನಮ್ಮ ಪ್ಲಾಸ್ಟಿಕ್ ಹಾಳೆಯಲ್ಲಿ ಎಷ್ಟು ಹಾಯುತ್ತಿತ್ತೋ ಯಾವ ಪೊಲೀಸರೂ ಅಳೆಯಲಿಲ್ಲ.

ಇನ್ಶೂರೆನ್ಸ್ ಕ್ಲೇಮು ಮಾಡಬಹುದಿತ್ತು. ಗಾಡಿಯ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಳೆದು ಕೊಡುವ ವಿಮೆಯವರು ಗಾಜಿಗೆ ಮಾತ್ರ ಸವಕಳಿ ಹಿಡಿಯುವುದಿಲ್ಲ. ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದು ವರ್ಷ ಕ್ಲೇಮಿಲ್ಲದಿದ್ದರೆ ಶೇಕಡಾ 20, ಐದು ವರ್ಷ ಸತತವಾಗಿ ಇಲ್ಲದಿದ್ದರೆ ಶೇಕಡಾ 50 ರಿಯಾಯಿತಿ. ಅಷ್ಟು ಕಳೆದುಕೊಂಡು ಇಷ್ಟಗಲದ ಗಾಜು ಯಾರು ಪಡೆಯುತ್ತಾರೆ? ಈ ಲೆಕ್ಕವನ್ನು ಮಾತ್ರ ನಾನು ಗಾಜು ಒಡೆದ ದಿನವೇ ಮಾಡಿ ಮುಗಿಸಿದ್ದೆ.

ಜೆ.ಸಿ. ರಸ್ತೆಯಲ್ಲಿ ಗಾಜು ಸಿಕ್ಕಿತು. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಆ ರಸ್ತೆಗೆ ಹೋಗುತ್ತಿದ್ದವನು ನಾನು. ಅದರ ಅಕ್ಕಪಕ್ಕದಲ್ಲೇ ಬೆಂಗಳೂರಿನ ಗಾಡಿಗಳಿಗೆಲ್ಲ ಬಿಡಿಭಾಗ ಕೊಡುವ ಪೇಟೆಯಿದೆ ಎಂಬುದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ಗಾಜಿನ ಕೆಳಮೂಲೆಯಲ್ಲಿ ಕಂಪನಿಯ ಹೆಸರು, ಐಎಸ್‌ಐ ಗುರುತು, ಐಎಸ್ 2553 ಎಂಬ ಮಾನದಂಡದ ಸಂಖ್ಯೆ ಕೆತ್ತಿರುತ್ತದೆ, ನೋಡಿಕೊಂಡು ತನ್ನಿ ಎಂದು ಮೆಕ್ಯಾನಿಕ್ ಹೇಳಿ ಕಳಿಸಿದ್ದ. ಹಳೇ ಪತ್ರಿಕೆಯಲ್ಲಿ ಸುತ್ತಿದ ಗಾಜನ್ನು ಕಾರಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿ ಬೆಲ್ಟು ಹಾಕಿ ತಂದೆ.

ಮೆಕ್ಯಾನಿಕ್ಕಿನ ಶೆಡ್ಡು ಬಿಟಿಎಂ ಲೇಔಟು ದಾಟಿ ತಾವರೆಕೆರೆ ಕಡೆ. ನಾನೂ ಹೋಗಿ ಸ್ಟೂಲಿನ ಮೇಲೆ ಕೂತೆ. ಮೊದಲು ಗಾಜು ಏರಿಸುವ ಹಿಡಿ ಕೀಳಬೇಕು. ಅದಕ್ಕೆ ಸ್ಕ್ರೂ ಕಾಣಲಿಲ್ಲ. ಅವನು ಒಂದು ಉದ್ದನೆಯ ಬಟ್ಟೆಯ ಪಟ್ಟಿ ತೆಗೆದುಕೊಂಡು, ಹಿಡಿಯ ಬುಡದಲ್ಲಿ ಸೇರಿಸಿ, ಎರಡೂ ತುದಿ ಹಿಡಿದು ಆ ಕಡೆ ಈ ಕಡೆ ಎಳೆದ. ಒಳಗಿದ್ದ ಸ್ಪ್ರಿಂಗ್ ಕ್ಲಿಪ್ಪು ಟಪ್ಪೆಂದು ಹಾರಿ ಅವನ ಅಂಗೈಗೆ ಬಂತು. ಹಿಡಿ ಕಳಚಿತು. ಡೋರ್ ಪ್ಯಾಡು ಬಿಚ್ಚಿದ. ಒಳಗೆ ಗ್ರೀಸು ಮೆತ್ತಿದ ಮೆಷಿನ್ನು, ಅದರ ತೋಳು, ತೋಳಿನ ತುದಿಯಲ್ಲಿ ಗಾಜು ಕೂರುವ ಕಬ್ಬಿಣದ ದೋಣಿ. ಬಾಗಿಲಿನ ತಳದಲ್ಲಿ ಒಡೆದ ಗಾಜಿನ ರಾಶಿ. ಮಳೆ ನೀರು ಇಳಿದುಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಚೂರು, ಧೂಳು ಸೇರಿ ಅವು ಕಟ್ಟಿಕೊಂಡಿದ್ದವು. ನೀರು ಒಳಗೇ ನಿಂತು ತಗಡಿಗೆ ತುಕ್ಕು ಹಿಡಿಯುತ್ತಿತ್ತು. ಅವನು ತಂತಿ ತೂರಿಸಿದಾಗ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು.

ಚೂರುಗಳನ್ನು ಬಾಚಿ ಹಳೆಯ ಆಯಿಲ್ ಡಬ್ಬಕ್ಕೆ ತುಂಬುತ್ತಿದ್ದವನು ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದ. “ಇದು ಎರಡು ಗ್ಲಾಸ್ ಅಣ್ಣ” ಎಂದ. ನನಗೆ ಅರ್ಥವಾಗಲಿಲ್ಲ. ಅಂಗೈಯಲ್ಲಿ ಹರಡಿ ತೋರಿಸಿದ. ಕೆಲವು ಹರಳು ತೆಳು ಹಸಿರು, ಕೆಲವು ಬಿಳಿ. “ಕಂಪನಿದು ಹಸಿರು, ಆ ಕಡೆ ಡೋರ್ ನೋಡಿ. ಈ ಬಿಳೀದು ಆಮೇಲೆ ಹಾಕ್ಸಿರೋದು. ಮೊದ್ಲೇ ಒಂದ್ಸಲ ಹೋಗಿದೆ ಇದು.”

ಡ್ರೈವರ್ ಪಕ್ಕದಲ್ಲೇ ನಿಂತಿದ್ದ. ಗಾಡಿ ನಾವು ಹೊಸದಾಗಿ ಕೊಂಡದ್ದು, ಓಡಿಸಿದವನು ಅವನೊಬ್ಬನೇ. ನಾನು ಅವನ ಮುಖ ನೋಡಿದೆ. ಅವನು ಆಯಿಲ್ ಡಬ್ಬ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ, ವಾಪಸು ಬರುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ತಾನಾಗಿಯೇ ಹೇಳಿದ. ಒಂದು ಮದುವೆಯ ದಿನ ಶಾಮಿಯಾನದವರು ಕಂಬ ಇಳಿಸುವಾಗ ತಾಗಿತ್ತಂತೆ. ಅವರು ಒಪ್ಪಲಿಲ್ಲ. ರಾತ್ರಿ ಊಟದ ಪಾತ್ರೆ ಹಾಕಿಕೊಂಡು ಬಂದವನು ಮರುದಿನ ರಜೆ ಹಾಕಿ ತಾನೇ ಗಾಜು ಹಾಕಿಸಿದ್ದ.

“ನನಗ್ಯಾಕೆ ಹೇಳಲಿಲ್ಲ?”

“ನೀವು ಕೇಳ್ತಿದ್ರಿ ಸಾರ್, ಎಲ್ಲಿ ನಿಲ್ಸಿದ್ದೆ, ಹೆಂಗ್ ನಿಲ್ಸಿದ್ದೆ ಅಂತ” ಎಂದ. ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುತ್ತಿದೆ ಎನ್ನುವಷ್ಟೇ ಸಹಜವಾಗಿ ಹೇಳಿ ಗೇರ್ ಹಾಕಿದ.

ಮನೆಗೆ ಬಂದು ಸಂಬಳದ ಪುಟ ತೆಗೆದೆ. ಅವನು ಹೇಳಿದ ಆ ಮದುವೆಯ ತಿಂಗಳಿನಲ್ಲಿ ಅವನ ಹೆಸರಿನ ಮುಂದೆ ಒಂದು ಅಡ್ವಾನ್ಸ್ ಇದೆ, ಕಾರಣದ ಜಾಗದಲ್ಲಿ ನನ್ನ ಅಕ್ಷರದಲ್ಲೇ ‘ಮನೆ ಖರ್ಚು’ ಎಂದು. ಮುಂದಿನ ತಿಂಗಳು ಅದನ್ನು ಸಂಬಳದಲ್ಲಿ ಹಿಡಿದು ಅಡಿಗೆರೆ ಎಳೆದಿದ್ದೇನೆ. ಆ ದುಡ್ಡೇ ಗಾಜಿಗೆ ಹೋಯಿತೇ ಎಂದು ಅವನನ್ನು ಕೇಳಲಿಲ್ಲ. ಕೇಳಿದರೆ ಅವನು ‘ಇಲ್ಲ ಸಾರ್’ ಎನ್ನುತ್ತಾನೆ, ಆ ಉತ್ತರವನ್ನು ನಂಬಿ ನಿದ್ದೆ ಮಾಡುವ ಶಕ್ತಿ ನನಗಿದೆ ಎಂಬುದೇ ನನ್ನ ಭಯ.

ಹಳೆಯ ಗಾಜಿನ ದುಡ್ಡೆಂದು ಒಂದಿಷ್ಟು ಕೊಡಹೋದೆ. “ಹಳೇದೆಲ್ಲ ಯಾಕ್ ಸಾರ್ ಈಗ” ಎಂದ. ಬಲವಂತ ಮಾಡಿದೆ, ತೆಗೆದುಕೊಂಡ. ಕೊಟ್ಟು ಹಗುರಾದವನು ನಾನು. ಅವನಿಗೇನನ್ನಿಸಿತೋ ಮುಖದಲ್ಲಿ ಕಾಣಲಿಲ್ಲ. ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡು, ನನ್ನ ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನು ನನಗೆ ಒಂದು ಗಾಜು ಒಡೆದ ಸಂಗತಿ ಹೇಳಲು ಹೆದರಿದ್ದ. ನಾನು ಅವನಿಗೆ ಬೈದದ್ದಿಲ್ಲ, ಕೈ ಎತ್ತಿದ್ದಿಲ್ಲ. ‘ಮನೆ ಮಗನ ಹಾಗೆ’ ಎಂದು ಬಂದವರ ಮುಂದೆ ಪರಿಚಯಿಸುತ್ತೇನೆ. ಅವನು ಹೆದರಿದ್ದು ನನ್ನ ಸಿಟ್ಟಿಗಲ್ಲ, ಆ ಮೆತ್ತಗಿನ ವಿಚಾರಣೆಗೆ. ಒಳ್ಳೆಯವನೆಂದು ಹೆಸರು ತೆಗೆದುಕೊಂಡವನ ಎದುರು ನಿಲ್ಲುವುದು ಕೂಲಿಯವನಿಗೆ ಇನ್ನೂ ಕಷ್ಟ, ಜಗಳವಾಡಲೂ ಆಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ನನಗಿಂತ ಮರ್ಯಾದಸ್ಥ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು: ಸಾಮಾನು ಹಾಳಾದರೆ, ಅದು ನೇರವಾಗಿ ಕೆಲಸಗಾರನ ನಿರ್ಲಕ್ಷ್ಯದಿಂದ ಆದದ್ದಾದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಅದೂ ಅವನ ಮಾತು ಕೇಳಿದ ಮೇಲೆ. ಬ್ರಿಟಿಷರ ಕಾಲದಲ್ಲೇ ಒಪ್ಪಿಕೊಂಡ ನೀತಿ ಇದು. ನಮ್ಮಂಥ ಒಂದು ಗಾಡಿ, ಒಬ್ಬ ಡ್ರೈವರ್ ಇರುವ ಮನೆ-ವ್ಯಾಪಾರದ ಒಳಗೆ ಬಂದು ಇದನ್ನು ನೋಡುವ ಇನ್ಸ್‌ಪೆಕ್ಟರ್ ಯಾರೂ ಇಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಕೂಡ ಐವರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೇ ಬರೆದದ್ದು. ನಮ್ಮಲ್ಲಿ ಕಾನೂನಿನ ಜಾಗದಲ್ಲಿ ಕೂತಿರುವುದು ನನ್ನ ಒಳ್ಳೆಯತನ. ಅದು ಹೇಗಿತ್ತೆಂದು ಹೇಳಿಯಾಯಿತು.

ಸರಕು ಗಾಡಿ ಇಟ್ಟವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಗಾಡಿ ಸರ್ವಿಸ್ಸಿಗೆ ಬಿಡುವ ಮುಂಚೆ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲಿನ ಹಿಡಿ ತಿರುಗಿಸಿ ನೋಡಿ. ಗಾಜು ಪೂರ್ತಿ ಏರುತ್ತದೆಯೇ, ನಡುವೆ ಸಿಕ್ಕಿಕೊಳ್ಳುತ್ತದೆಯೇ, ಸುತ್ತಲಿನ ರಬ್ಬರು ಹರಿದಿದೆಯೇ. ಬಾಗಿಲಿನ ತಳದ ತೂತಿಗೆ ಒಂದು ತಂತಿ ಹಾಕಿಸಿ. ಗಾಜು ಒಡೆದಿದ್ದರೆ ಐಎಸ್‌ಐ ಗುರುತಿನದನ್ನೇ ತಂದು ಆ ವಾರವೇ ಹಾಕಿಸಿ, ಯಾರು ಒಡೆದರೆಂಬ ವಿಚಾರಣೆ ಆಮೇಲೆ ಇಟ್ಟುಕೊಳ್ಳಿ. ಬಿಲ್ಲು ನೀವೇ ಕೊಡಿ.